ಬದುವಿನಲ್ಲಿ ಮರೆತ ಬುತ್ತಿ: ರಕ್ತನಾಳದ ಗೋಡೆಯೊಳಗೆ ಕಮಟು ಹಿಡಿಯುವ ಕೊಬ್ಬು

(ವಿಜಯಪುರದಲ್ಲಿ ನಮ್ಮ ಬಡಾವಣೆಯ ಹಿರಿಯರು ಸಂಜೆ ಸೇರುವ ಕಡೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮನೆಯಿಂದ ಹೊರಡುವಾಗ ಅಡುಗೆಮನೆಯ ಎಣ್ಣೆ ಡಬ್ಬಿ ಎತ್ತಿಕೊಂಡು ಬಂದಿದ್ದೇನೆ. ಒರೆಸಬೇಡಿ ಎಂದು ಮನೆಯಲ್ಲಿ ಹೇಳಿಯೇ ತಂದದ್ದು. ಮುಂದಿನ ಸಾಲಿನವರು ಮುಟ್ಟಿ ನೋಡಿ ಹಿಂದಕ್ಕೆ ದಾಟಿಸಿ. ಒಳಗಿರುವುದು ಗಾಣದ ಕುಸುಬಿ ಎಣ್ಣೆ, ತೆಳ್ಳಗೆ ಸುರಿಯುತ್ತದೆ. ಹೊರಗೆ, ಡಬ್ಬಿಯ ಬಾಯಿಂದ ಕೆಳಕ್ಕೆ, ಕಂದು ಬಣ್ಣದ ಒಂದು ಪದರ ಕಟ್ಟಿದೆ ನೋಡಿ. ಬೆರಳಿಟ್ಟರೆ ಅಂಟುತ್ತದೆ. ಉಗುರಿನಿಂದ ಕೆರೆದರೆ ರಬ್ಬರಿನ ಹಾಗೆ ಸುರುಳಿ ಸುತ್ತಿಕೊಂಡು ಏಳುತ್ತದೆ. ಬಿಸಿನೀರಿಗೂ ಸಾಬೂನಿಗೂ ಜಗ್ಗುವುದಿಲ್ಲ. ಪಾತ್ರೆ ಬೆಳಗುವ ಕೈಗಳಿಗೆ ಅದರ ಕಷ್ಟ ಗೊತ್ತು. ಅದೂ ಎಣ್ಣೆಯೇ. ಸುರಿಯುವಾಗ ಜಾರಿದ ಹನಿಗಳು ತಿಂಗಳುಗಟ್ಟಲೆ ಗಾಳಿಗೆ ನಿಂತು ಹೀಗಾಗಿವೆ. ಹಳೇ ಶೇಂಗಾ ಬಾಯಿಗೆ ಹಾಕಿಕೊಂಡಾಗ ಬರುವ ಆ ಕಮಟು ರುಚಿ ಇದೆಯಲ್ಲ, ಅದು ಇದರ ಮೊದಲ ಹಂತ.

ಕೊಬ್ಬು ಗಾಳಿಯ ಆಮ್ಲಜನಕದ ಜೊತೆ ಸೇರಿ ಕೆಡುವುದಕ್ಕೆ ಆಕ್ಸಿಡೀಕರಣ ಎನ್ನುತ್ತೇವೆ. ಹೆಚ್ಚುಕಡಿಮೆ ಇದೇ ಕ್ರಿಯೆ ನಮ್ಮ ರಕ್ತನಾಳದ ಗೋಡೆಯೊಳಗೂ ನಡೆಯುತ್ತದೆ. ಹೃದಯಾಘಾತವೆಂದು ನಾವು ಕರೆಯುವುದರ ಬೇರು ಅಲ್ಲಿದೆ. ನಾನು ರೋಗಶಾಸ್ತ್ರದವನು. ಜೀವಮಾನದ ಬಹುಭಾಗ ಸೂಕ್ಷ್ಮದರ್ಶಕದ ಮುಂದೆ ಕಳೆದಿದ್ದೇನೆ. ಹೊರಗಿನಿಂದ ಕಾಣದ ಈ ಗೋಡೆಯನ್ನು ನಿಮಗೆ ತೋರಿಸಬೇಕೆಂಬ ಆಸೆ ಬಹಳ ದಿನದ್ದು.

ಮೊದಲು ನಿಮ್ಮ ಮನಸ್ಸಿನಲ್ಲಿರುವ ಚಿತ್ರ ಒರೆಸಬೇಕು. ‘ನಳ ಬ್ಲಾಕ್ ಆಗ್ಯಾವು’ ಅಂತೀವಿ. ನಮ್ಮೂರಿನವರಿಗೆ ಈ ಮಾತು ಸಲೀಸಾಗಿ ಬರುತ್ತದೆ. ಬೇಗಂ ತಾಲಾಬಿನಿಂದ ಮಣ್ಣಿನ ಕೊಳವೆಯಲ್ಲಿ ಊರಿಗೆ ನೀರು ತಂದ ಆದಿಲ್‌ಶಾಹಿಗಳ ಊರಿದು. ಇವತ್ತಿಗೂ ಬೋರಿನ ಗಡಸು ನೀರಿನಿಂದ ಪೈಪಿನಲ್ಲಿ ಸುಣ್ಣ ಕಟ್ಟುವುದನ್ನು ನೋಡುತ್ತೇವೆ. ಹಾಗಾಗಿ ಎಣ್ಣೆ ತಿಂದರೆ ನಾಳದ ಒಳಮೈಗೆ ಜಿಡ್ಡು ಮೆತ್ತಿಕೊಳ್ಳುತ್ತದೆ, ಏನಾದರೂ ಕುಡಿದು ತೊಳೆದುಕೊಂಡರೆ ಹೋಗುತ್ತದೆ ಎಂದು ನಂಬುತ್ತೇವೆ. ರಕ್ತನಾಳದಲ್ಲಿ ಮೆತ್ತಿಕೊಳ್ಳುವುದು ಏನೂ ಇಲ್ಲ. ಒಳಮೈಗೆ ಎಂಡೋಥೀಲಿಯಂ ಎಂಬ ಒಂದೇ ಕಣದಷ್ಟು ದಪ್ಪದ ನುಣುಪಾದ ಹೊದಿಕೆ ಇದೆ. ರೋಗ ಹುಟ್ಟುವುದು ಆ ಹೊದಿಕೆಯ ಹಿಂದೆ, ಗೋಡೆಯ ಒಳಗೆ. ಅಷ್ಟೇ ಅಲ್ಲ, ಗೋಡೆ ಉಬ್ಬುತ್ತ ಬಂದಾಗ ಜೀವಂತ ನಾಳ ಹೊರಕ್ಕೆ ಹಿಗ್ಗಿ ರಕ್ತದ ದಾರಿಯನ್ನು ಬಹಳ ಕಾಲ ಅಷ್ಟೇ ಅಗಲ ಇಟ್ಟುಕೊಳ್ಳುತ್ತದೆ. ಇದನ್ನು 1987ರಲ್ಲಿ ಗ್ಲಾಗೋವ್ ಎಂಬ ರೋಗಶಾಸ್ತ್ರಜ್ಞ ತೋರಿಸಿಕೊಟ್ಟರು. ಯಾವ ಪೈಪೂ ಹೀಗೆ ಮಾಡುವುದಿಲ್ಲ. ಗೋಡೆಯೊಳಗೆ ವರ್ಷಗಟ್ಟಲೆ ರೋಗ ಬೆಳೆದಿದ್ದರೂ ಮನುಷ್ಯ ಗೋಳಗುಮ್ಮಟದ ಮೆಟ್ಟಿಲು ಹತ್ತಿ ಇಳಿದು ಬರುವುದು ಇದರಿಂದಲೇ.

ಕೊಲೆಸ್ಟ್ರಾಲ್ ವಿಷವಲ್ಲ. ಪ್ರತಿ ಜೀವಕಣದ ಪೊರೆಗೆ ಬೇಕು, ಪಿತ್ತಕ್ಕೆ ಬೇಕು, ಹಾರ್ಮೋನಿಗೆ ಬೇಕು. ಆದರೆ ಅದು ಕೊಬ್ಬಿನಂಥದ್ದು, ರಕ್ತದಲ್ಲಿ ಕರಗುವುದಿಲ್ಲ. ಗಂಟು ಕಟ್ಟಿಯೇ ಕಳಿಸಬೇಕು. ಹೊಲಕ್ಕೆ ಬುತ್ತಿ ಕಟ್ಟಿ ಕಳಿಸಿದ ಹಾಗೆ ದೇಹ ಕಳಿಸುವ ಗಂಟಿಗೆ ಎಲ್‌ಡಿಎಲ್ ಎಂದು ಹೆಸರು. ಅಡ್ಡಗಲ ಸುಮಾರು 22 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ 45,000 ಗಂಟುಗಳನ್ನು ಸಾಲಾಗಿ ಇಡಬಹುದು. ನಡುವೆ ಕೊಲೆಸ್ಟ್ರಾಲಿನ ಸಾವಿರದೈನೂರರಷ್ಟು ಅಣುಗಳು, ಸುತ್ತ ತೆಳು ಪೊರೆ. ಬಟ್ಟೆಯ ಗಂಟಿನ ಹಾಗೆ ಎಲ್ಲವನ್ನೂ ಹಿಡಿದಿಡುವುದು ಅಪೋಬಿ ಎಂಬ ಒಂದೇ ಒಂದು ದೊಡ್ಡ ಪ್ರೋಟೀನ್. ಜೀವಕಣಗಳು ಆ ಗಂಟಿನ ಗುರುತು ಹಿಡಿದು ಬುತ್ತಿ ಇಳಿಸಿಕೊಳ್ಳುತ್ತವೆ. ಎರಡು ಮೂರು ದಿನದಲ್ಲಿ ಬುತ್ತಿ ತಲುಪಬೇಕಾದಲ್ಲಿಗೆ ತಲುಪುತ್ತದೆ, ಹೆಚ್ಚಿನದು ಯಕೃತ್ತಿಗೆ ವಾಪಸು.

ಕೆಲವು ಬುತ್ತಿಗಳು ದಾರಿ ತಪ್ಪುತ್ತವೆ. ಎಂಡೋಥೀಲಿಯಂ ದಾಟಿ ಗೋಡೆಯೊಳಗೆ ಹೋಗುತ್ತವೆ. ಹೋದದ್ದು ಬಹುಪಾಲು ಹೊರಗೂ ಬರುತ್ತದೆ. ಆದರೆ ನಾಳ ಕವಲೊಡೆಯುವ ಕಡೆ, ತಿರುಗುವ ಕಡೆ ರಕ್ತದ ಹರಿವು ಸುಳಿಯಾಗುತ್ತದೆ. ಅಲ್ಲಿ ಹೊದಿಕೆಯ ಕಾವಲು ಸಡಿಲ, ಗೋಡೆಯ ಒಳಗಿನ ಜಾಳಿಗೆ ಎಲ್‌ಡಿಎಲ್ ಸಿಕ್ಕಿಕೊಳ್ಳುತ್ತದೆ. ರಕ್ತದಲ್ಲಿ ಗಂಟುಗಳು ಎಷ್ಟು ಹೆಚ್ಚೋ ಸಿಕ್ಕಿಕೊಳ್ಳುವುದೂ ಅಷ್ಟು ಹೆಚ್ಚು. ಬದುವಿನಲ್ಲಿ ಇಟ್ಟು ಮರೆತ ಬುತ್ತಿ ಮಾರನೇ ದಿನ ಏನಾಗಿರುತ್ತದೆ? ಹಳಸಿರುತ್ತದೆ.

ಹಳಸುವ ಬಗೆ ಹೀಗೆ. ಕುಸುಬಿ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೇರಳ. ಅದರ ಸರಪಣಿಯಲ್ಲಿ ಎರಡು ಜೋಡಿಬಂಧಗಳ ನಡುವೆ ಇರುವ ಜಲಜನಕಕ್ಕೆ ಹಿಡಿತ ಕಮ್ಮಿ. ಒಂದು ಅಣು ಆ ಜಲಜನಕ ಕಳೆದುಕೊಂಡರೆ ಆಮ್ಲಜನಕ ಬಂದು ಅಲ್ಲಿ ಕೂರುತ್ತದೆ. ಕೂತದ್ದು ಪಕ್ಕದ ಅಣುವಿನ ಜಲಜನಕ ಕಿತ್ತುಕೊಳ್ಳುತ್ತದೆ, ಅದು ಅದರ ಪಕ್ಕದ್ದನ್ನು. ಬಣವಿಗೆ ಬಿದ್ದ ಕಿಡಿಯ ಹಾಗೆ. ಒಂದು ಎಲ್‌ಡಿಎಲ್ ಕಣದಲ್ಲಿ ಸುಮಾರು 2,700 ಕೊಬ್ಬಿನಾಮ್ಲದ ಅಣುಗಳಿವೆ, ಅರ್ಧದಷ್ಟು ಇಂಥ ಸುಲಭದ ತುತ್ತುಗಳು. ಅವನ್ನು ಕಾಯಲು ಇರುವ ವಿಟಮಿನ್ ಇ ಅಣುಗಳು ಸರಾಸರಿ ಆರು. ರಕ್ತದಲ್ಲಿ ಹರಿಯುವಾಗ ವಿಟಮಿನ್ ಸಿ ಮತ್ತು ಇತರ ರಕ್ಷಕಗಳು ಸುತ್ತ ಇರುತ್ತವೆ. ಗೋಡೆಯೊಳಗೆ ಸಿಕ್ಕಿಕೊಂಡ ಮೇಲೆ ಆ ಕಾವಲು ದೂರ. ಅಲ್ಲಿನ ಜೀವಕಣಗಳ ಕಿಣ್ವಗಳೇ ಕಿಡಿ ಹಚ್ಚುತ್ತವೆ. ಆರು ಕಾವಲುಗಾರರು ಮುಗಿದ ಮೇಲೆ ಉರಿ ತಡೆಯುವವರಿಲ್ಲ. ಕೊನೆಗೆ ಅಪೋಬಿಯ ರೂಪವೇ ಕೆಡುತ್ತದೆ, ಗಂಟಿನ ಗುರುತು ಅಳಿಸಿಹೋಗುತ್ತದೆ.

ಈ ಗುರುತು ಅಳಿಸುವ ಸಂಗತಿ ಗೊತ್ತಾದ ಕಥೆ ಹೇಳಲೇಬೇಕು. ನನ್ನ ಮಟ್ಟಿಗೆ ವೈದ್ಯಶಾಸ್ತ್ರದಲ್ಲಿ ಇದಕ್ಕಿಂತ ಚೆಂದದ ಪತ್ತೇದಾರಿ ಕಥೆ ಇಲ್ಲ.

1913ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಿಕೊಲಾಯ್ ಅನಿಚ್‌ಕೊವ್ ಮೊಲಗಳಿಗೆ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಶುದ್ಧ ಕೊಲೆಸ್ಟ್ರಾಲ್ ತಿನ್ನಿಸಿದರು. ಅವುಗಳ ನಾಳಗಳಲ್ಲಿ ಮನುಷ್ಯರದ್ದನ್ನು ಹೋಲುವ ರೋಗ ಬಂತು. ಬರೀ ಎಣ್ಣೆ ತಿಂದ ಮೊಲಗಳಿಗೆ ಬರಲಿಲ್ಲ. ಆ ಗೋಡೆಗಳಲ್ಲಿ ಕೊಬ್ಬು ತುಂಬಿ ನೊರೆಯಂತೆ ಕಾಣುವ ಕಣಗಳನ್ನು ಅವರು ಕಂಡಿದ್ದರು. ಅರವತ್ತು ವರ್ಷದ ನಂತರ ಅಮೆರಿಕದ ಡಲ್ಲಾಸ್‌ನಲ್ಲಿ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್, ಬುತ್ತಿ ಇಳಿಸಿಕೊಳ್ಳುವ ಬಾಗಿಲನ್ನು, ಅಂದರೆ ಎಲ್‌ಡಿಎಲ್ ಗ್ರಾಹಕವನ್ನು ಕಂಡುಹಿಡಿದರು. 1985ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಶುರು ಮಾಡಿದ್ದು ಕೆಲವು ನತದೃಷ್ಟ ಮಕ್ಕಳಿಂದ. ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಪಡೆದ ಈ ಮಕ್ಕಳಲ್ಲಿ ಆ ಬಾಗಿಲೇ ಇರುವುದಿಲ್ಲ. ಎಲ್‌ಡಿಎಲ್ ಡೆಸಿಲೀಟರಿಗೆ 500, 600 ಮಿಲಿಗ್ರಾಂ ದಾಟುತ್ತದೆ, ಇಪ್ಪತ್ತು ತುಂಬುವ ಮೊದಲೇ ಹೃದಯಾಘಾತವಾಗಬಹುದು.

ಈಗ ಒಗಟು ನೋಡಿ. ಆ ಮಕ್ಕಳ ನಾಳದ ಗೋಡೆಯಲ್ಲೂ ನೊರೆಕಣಗಳು ಕೊಲೆಸ್ಟ್ರಾಲ್ ತುಂಬಿಕೊಂಡು ಕೂತಿರುತ್ತವೆ. ಬಾಗಿಲೇ ಇಲ್ಲದ ಮನೆಯೊಳಗೆ ಬುತ್ತಿ ಹೋದದ್ದು ಹೇಗೆ? ನೊರೆಕಣವಾಗುವುದು ಮ್ಯಾಕ್ರೋಫೇಜ್, ನಮ್ಮ ದೇಹದ ಪೌರಕಾರ್ಮಿಕ ಎನ್ನಿ. ಪ್ರಯೋಗಾಲಯದಲ್ಲಿ ಅದರ ಮುಂದೆ ತಾಜಾ ಎಲ್‌ಡಿಎಲ್ ಇಟ್ಟರೆ ಅದು ಹೆಚ್ಚು ಮುಟ್ಟುವುದಿಲ್ಲ. 1979ರಲ್ಲಿ ಬ್ರೌನ್, ಗೋಲ್ಡ್‌ಸ್ಟೀನ್ ಅವರ ತಂಡ ಎಲ್‌ಡಿಎಲ್‌ನ ಮೇಲ್ಮೈಯನ್ನು ರಾಸಾಯನಿಕದಿಂದ ಸ್ವಲ್ಪ ಬದಲಿಸಿ ಇಟ್ಟಿತು. ಆಗ ಮ್ಯಾಕ್ರೋಫೇಜ್ ಗಬಗಬನೆ ನುಂಗಿತು. ಅಂದರೆ ಹಿತ್ತಿಲಲ್ಲಿ ಇನ್ನೊಂದು ಬಾಗಿಲಿದೆ, ಕೆಟ್ಟದ್ದಕ್ಕೆಂದೇ ಇರುವ ಬಾಗಿಲು. ಆದರೆ ಆ ರಾಸಾಯನಿಕ ಬದಲಾವಣೆ ಮನುಷ್ಯನ ದೇಹದಲ್ಲಿ ಆಗುತ್ತದೆ ಎನ್ನಲು ಆಧಾರವಿರಲಿಲ್ಲ. ದೇಹದಲ್ಲಿ ಎಲ್‌ಡಿಎಲ್ಅನ್ನು ಕೆಡಿಸುವುದು ಯಾವುದು?

ಉತ್ತರ ಸಿಕ್ಕಿದ್ದು ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಲ್ಲಿ, ಡೇನಿಯಲ್ ಸ್ಟೈನ್‌ಬರ್ಗ್ ಅವರ ಪ್ರಯೋಗಾಲಯದಲ್ಲಿ. 1981ರಲ್ಲಿ ಅವರ ತಂಡ ಎಲ್‌ಡಿಎಲ್ಅನ್ನು ನಾಳದ ಒಳಹೊದಿಕೆಯ ಕಣಗಳ ಜೊತೆ ಹಾಗೇ ಬಿಟ್ಟು ನೋಡಿತು. ಆಮೇಲೆ ಅದೇ ಎಲ್‌ಡಿಎಲ್ಅನ್ನು ಮ್ಯಾಕ್ರೋಫೇಜ್ ಆಸೆಯಿಂದ ನುಂಗಿತು. ಹೊರಗಿನ ರಾಸಾಯನಿಕ ಬೇಕಾಗಿರಲಿಲ್ಲ. 1984ರ ಹೊತ್ತಿಗೆ ಕಾರಣ ಖಚಿತವಾಯಿತು: ಕೊಬ್ಬು ಆಕ್ಸಿಡೀಕರಣಗೊಂಡಿದೆ. ವಿಟಮಿನ್ ಇ ಬೆರೆಸಿಟ್ಟರೆ ಈ ಬದಲಾವಣೆ ಆಗುವುದೇ ಇಲ್ಲ.

ಮುಂಬಾಗಿಲಿಗೂ ಹಿತ್ತಿಲ ಬಾಗಿಲಿಗೂ ಒಂದು ವ್ಯತ್ಯಾಸ ಇದೆ, ನನಗೆ ಕಥೆಯ ತಿರುಳೇ ಅದು ಅನ್ನಿಸುತ್ತದೆ. ಹೊಟ್ಟೆ ತುಂಬಿದ ಮೇಲೆ ಜೀವಕಣ ಮುಂಬಾಗಿಲು ಹಾಕಿಕೊಳ್ಳುತ್ತದೆ. ಹಿತ್ತಿಲ ಬಾಗಿಲಿಗೆ ಅಗುಳಿ ಇಲ್ಲ. ಮ್ಯಾಕ್ರೋಫೇಜ್ ಬಂದದ್ದು ಕೆಟ್ಟದ್ದನ್ನು ತೆಗೆದು ಗೋಡೆ ಶುಚಿ ಮಾಡಲು. ಅದು ಅದರ ಧರ್ಮ. ಸಾಕು ಎನ್ನುವುದು ಗೊತ್ತಿಲ್ಲದೆ ತಿಂದು ತಿಂದು ಉಬ್ಬುತ್ತದೆ, ನೊರೆಕಣವಾಗುತ್ತದೆ, ಅಲ್ಲೇ ಸಾಯುತ್ತದೆ. ಸತ್ತ ಕಣದೊಳಗಿನ ಕೊಬ್ಬು ಗೋಡೆಯೊಳಗೆ ಚೆಲ್ಲುತ್ತದೆ. ಆಕ್ಸಿಡೀಕೃತ ಎಲ್‌ಡಿಎಲ್ ಹೊದಿಕೆಯ ಕಣಗಳನ್ನೂ ಕೆರಳಿಸುವುದರಿಂದ ಅವು ಇನ್ನಷ್ಟು ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಬಂದವೂ ತಿನ್ನುತ್ತವೆ, ಸಾಯುತ್ತವೆ.

ಸೂಕ್ಷ್ಮದರ್ಶಕದಲ್ಲಿ ಇದು ಹೇಗಿರುತ್ತದೆ ಹೇಳುತ್ತೇನೆ. ಆರೋಗ್ಯದ ನಾಳದ ಗೋಡೆ ನೇಯ್ದ ಇಳಕಲ್ ಸೀರೆಯ ಅಂಚಿನ ಹಾಗೆ, ಎಳೆ ಎಳೆಯಾಗಿ, ಅಚ್ಚುಕಟ್ಟು. ರೋಗ ಹಿಡಿದ ಕಡೆ ಎಳೆಗಳ ನಡುವೆ ಹಾಲಿನ ನೊರೆ ಹೊಕ್ಕಂತೆ ಗುಳ್ಳೆ ಗುಳ್ಳೆ ಕಣಗಳು. ಅವುಗಳ ಆಚೆ ಬಣ್ಣ ಹಿಡಿಯದ ಗಂಜಿಯಂಥ ಜಾಗ, ಸತ್ತ ಕಣಗಳ ಗುಂಡಿ. ಅದರೊಳಗೆ ಸೂಜಿಯಂಥ ಖಾಲಿ ಸೀಳುಗಳು. ಕೊಲೆಸ್ಟ್ರಾಲ್ ಹರಳುಗಟ್ಟಿದ್ದ ಜಾಗ ಅದು, ಸ್ಲೈಡ್ ತಯಾರಿಸುವಾಗ ಹರಳು ಕರಗಿ ಅಚ್ಚು ಮಾತ್ರ ಉಳಿದಿರುತ್ತದೆ. ಗುಂಡಿಯ ಮೇಲೆ ನಾರಿನ ಮುಚ್ಚಳ. ಮುಚ್ಚಳ ದಪ್ಪಗಿದ್ದರೆ ಮನುಷ್ಯ ಎಂಬತ್ತು ವರ್ಷ ಬದುಕಬಹುದು. ತೆಳುವಾಗಿ ಬಿರಿದರೆ, ರಕ್ತ ಆ ಗಂಜಿಯನ್ನು ಮುಟ್ಟಿದ ಕೂಡಲೇ ಹೆಪ್ಪುಗಟ್ಟುತ್ತದೆ, ನಾಳ ನಿಮಿಷಗಳಲ್ಲಿ ಮುಚ್ಚುತ್ತದೆ. ಎಷ್ಟೋ ಸಲ ಹೀಗೆ ಬಿರಿಯುವುದು ದಾರಿಯನ್ನು ಅರ್ಧದಷ್ಟೂ ಕಟ್ಟಿರದ ಜಾಗದಲ್ಲಿ. ‘ನಿನ್ನೆ ಚೆನ್ನಾಗೇ ಇದ್ದರಲ್ಲ’ ಎಂದು ಅಂಗಳದಲ್ಲಿ ಕೂತು ಅಳುವ ಮನೆಯವರಿಗೆ ಇದನ್ನು ಹೇಗೆ ಹೇಳುವುದು?

ಇದು ಮುಪ್ಪಿನ ಕಾಯಿಲೆಯೂ ಅಲ್ಲ. ನೌಕರಿಯ ಮೊದಲ ವರ್ಷಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಹುಡುಗನೊಬ್ಬನ ಶವಪರೀಕ್ಷೆಯಲ್ಲಿ ಇದ್ದೆ. ಇಪ್ಪತ್ತರ ಹರೆಯ, ಕಸರತ್ತಿನ ಮೈ. ಮಹಾಧಮನಿಯನ್ನು ಉದ್ದಕ್ಕೆ ಸೀಳಿ ನೀರಿನಲ್ಲಿ ತೊಳೆದಾಗ ಒಳಮೈಯಲ್ಲಿ ಅರಿಸಿನದ ಬೆರಳು ಎಳೆದಂತೆ ಹಳದಿ ಗೆರೆಗಳು. ಬೆರಳಾಡಿಸಿದೆ, ನುಣ್ಣಗಿತ್ತು, ಅಳಿಸಲಿಲ್ಲ. ಹೊದಿಕೆಯ ಹಿಂದೆ ಇದ್ದದ್ದು ಹೇಗೆ ಅಳಿಸೀತು? ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಬಂತು. ಸರಾಸರಿ ವಯಸ್ಸು 22. ನೂರಕ್ಕೆ 77 ಮಂದಿಯ ಹೃದಯದ ನಾಳಗಳಲ್ಲಿ ರೋಗದ ಕುರುಹು ಇತ್ತು. ಪುಸ್ತಕದಲ್ಲಿ ಓದಿದ್ದೆ. ಆ ಹುಡುಗನ ಧಮನಿ ಕೈಯಲ್ಲಿ ಹಿಡಿದ ದಿನ ಓದಿದ್ದು ಮನಸ್ಸಿಗೆ ಇಳಿಯಿತು.

ಆಕ್ಸಿಡೀಕರಣವೇ ಶತ್ರುವಾದರೆ ಅದನ್ನು ತಡೆಯುವ ಗುಳಿಗಿ ನುಂಗಿದರಾಯಿತಲ್ಲ? ತರ್ಕ ಸರಿಯಾಗಿಯೇ ಇತ್ತು, ನಾವೂ ನಂಬಿದ್ದೆವು. 2000ದಲ್ಲಿ ಹೋಪ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಒಂಬತ್ತು ಸಾವಿರಕ್ಕೂ ಹೆಚ್ಚು ಜನ, ಒಂದು ಗುಂಪಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಇ, ನಾಲ್ಕೂವರೆ ವರ್ಷ. ಹೃದಯಾಘಾತ ಕಡಿಮೆಯಾಗಲಿಲ್ಲ. 2002ರಲ್ಲಿ ಬ್ರಿಟನ್ನಿನ ಹಾರ್ಟ್ ಪ್ರೊಟೆಕ್ಷನ್ ಸ್ಟಡಿ ಬಂತು. 20,536 ಜನ. ಕೆಲವರಿಗೆ ವಿಟಮಿನ್ ಇ, ಸಿ, ಬೀಟಾ ಕ್ಯಾರೋಟಿನ್ ಮೂರೂ ಸೇರಿಸಿ ಐದು ವರ್ಷ ಕೊಟ್ಟರು. ಏನೂ ಫಲವಿಲ್ಲ. ಅದೇ ಅಧ್ಯಯನದಲ್ಲಿ, ಅದೇ ಜನರ ನಡುವೆ, ಸಿಮ್ವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಇಳಿಸುವ ಗುಳಿಗಿಯನ್ನು 40 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮೊದಲಾದವು ಸುಮಾರು ಕಾಲುಭಾಗ ಕಡಿಮೆಯಾದವು.

ಹಾಗಾದರೆ ಆಕ್ಸಿಡೀಕರಣದ ಸಿದ್ಧಾಂತ ಸುಳ್ಳೇ? ಹಾಗೆ ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ರೋಗದ ಗೋಡೆಯಲ್ಲಿ ಆಕ್ಸಿಡೀಕೃತ ಕೊಬ್ಬು ಕಣ್ಣಿಗೆ ಕಾಣುವಂತೆ ಇದೆ. ನುಂಗಿದ ವಿಟಮಿನ್ ಗೋಡೆಯೊಳಗೆ, ಬೇಕಾದ ಜಾಗಕ್ಕೆ, ಬೇಕಾದ ಹೊತ್ತಿಗೆ ತಲುಪುತ್ತದೆಂದು ನಾವು ಅಂದುಕೊಂಡದ್ದು ತಪ್ಪಿರಬೇಕು. ಹಲವು ಬಗೆಯ ಕಿಡಿಗಳಿರುವಲ್ಲಿ ಒಂದೇ ಬಗೆಯ ನೀರು ಸಾಲದು. ರೋಗ ಶುರುವಾಗಿ ಮೂವತ್ತು ವರ್ಷವಾದ ಮೇಲೆ ಕೊಟ್ಟ ವಿಟಮಿನ್ ಏನು ಮಾಡೀತು? ಬುತ್ತಿ ಹಳಸದಂತೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಬದುವಿನಲ್ಲಿ ಬುತ್ತಿ ಬೀಳುವುದನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿದೆ. ಗೋಡೆಯೊಳಗೆ ಕಣ ಹೋಗದಿದ್ದರೆ ಕಮಟು ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ.

ಸ್ಟಾಟಿನ್ ಗುಳಿಗಿ ಮಾಡುವುದು ಇದನ್ನೇ. ಯಕೃತ್ತಿನಲ್ಲಿ ಕೊಲೆಸ್ಟ್ರಾಲ್ ತಯಾರಿ ತಗ್ಗುತ್ತದೆ, ಯಕೃತ್ತು ಮುಂಬಾಗಿಲುಗಳನ್ನು ಹೆಚ್ಚಿಸಿಕೊಂಡು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಇದರ ಮೂಲವಸ್ತುವನ್ನು 1970ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ರೈತ ಮನೆತನದ ಅಕಿರಾ ಎಂಡೊ. ಸಾವಿರಾರು ಬೂಸ್ಟುಗಳನ್ನು ಪರೀಕ್ಷಿಸಿ, ಕೊನೆಗೆ ಅಕ್ಕಿಯ ಮೇಲೆ ಬೆಳೆದ ನೀಲಿ ಬೂಸ್ಟೊಂದರಲ್ಲಿ ಅದು ಸಿಕ್ಕಿತು. 2024ರಲ್ಲಿ ಅವರು ತೀರಿಕೊಂಡಾಗ ನಮ್ಮ ಪತ್ರಿಕೆಗಳಲ್ಲಿ ಇನ್ನಷ್ಟು ದೊಡ್ಡ ಸುದ್ದಿಯಾಗಬೇಕಿತ್ತು ಅನ್ನಿಸಿತು.

ಇಲ್ಲಿ ನನ್ನ ಮನೆಯ ಮಾತು ಒಂದಿದೆ. ನನ್ನ ಸೋದರಮಾವನಿಗೆ ಒಮ್ಮೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದ್ದರು. ಗುಳಿಗಿ ನಡೆದಿತ್ತು, ವರದಿ ಚೆನ್ನಾಗಿ ಬಂತು. ‘ಈಗ ನಾರ್ಮಲ್ ಐತಲ್ಲ, ಮತ್ಯಾಕ ಗುಳಿಗಿ? ಲಿವರ್ ಹಾಳಾಗ್ತದಂತ’ ಎಂದು ಬಿಟ್ಟರು. ಪರಿಚಯದವರೊಬ್ಬರು ನಾಳ ತೊಳೆಯುವ ಕಷಾಯವೆಂದು ಬಾಟಲಿ ತಂದುಕೊಟ್ಟಿದ್ದರು. ನನಗೆ ತಿಳಿದದ್ದು ಎರಡನೇ ಆಘಾತದ ರಾತ್ರಿ, ತಡವಾಗಿತ್ತು. ವೈದ್ಯನ ಮನೆಯಲ್ಲೇ ಹೀಗಾಯಿತಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ವರದಿ ನಾರ್ಮಲ್ ಬಂದದ್ದು ಗುಳಿಗಿಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿನ ಮಟ್ಟಕ್ಕೆ ಬರುತ್ತದೆ. ಗಂಭೀರವಾದ ಲಿವರ್ ತೊಂದರೆ ಅಪರೂಪ. ಕೆಲವರಿಗೆ ಸ್ನಾಯುನೋವು ಬರುವುದುಂಟು. ಬಂದರೆ ವೈದ್ಯರಿಗೆ ಹೇಳಿ, ಪ್ರಮಾಣ ಬದಲಿಸುತ್ತಾರೆ, ಬೇರೆ ಔಷಧಗಳೂ ಇವೆ. ಹೇಳದೆ ಬಿಡಬೇಡಿ, ಕೈಮುಗಿದು ಕೇಳುತ್ತೇನೆ.

ಬೀಡಿ, ಸಿಗರೇಟು: ಎಲ್‌ಡಿಎಲ್‌ಗೆ ಕಿಡಿ ಹಚ್ಚಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಹೊಗೆಯೇ ಒಂದು ಆಕ್ಸಿಡೀಕಾರಕ, ನಾಳದ ಹೊದಿಕೆಯನ್ನೂ ಕೆಡಿಸುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಹಿಡಿತದಲ್ಲಿರಬೇಕು, ಇದು ನಿಮಗೆ ಗೊತ್ತೇ ಇದೆ.

ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಬರೆದಿಡುತ್ತೇನೆ.

ಒಬ್ಬ ತಾಯಿ ಕೇಳಿದರು: ‘ಡಬ್ಬಿ ಮುಟ್ಟಿದ ಮ್ಯಾಲೆ ಕುಸುಬಿ ಎಣ್ಣಿ ಬಿಡಬೇಕನಸ್ತದರಿ.’ ಬಿಡಬೇಡಿ. ಬೆಣ್ಣೆ, ವನಸ್ಪತಿಯ ಬದಲು ಇಂಥ ಎಣ್ಣೆ ಬಳಸಿದರೆ ರಕ್ತದಲ್ಲಿ ಎಲ್‌ಡಿಎಲ್ ಕಡಿಮೆಯಾಗುತ್ತದೆ. ಗೋಡೆಯೊಳಗಿನ ಕಮಟು ಡಬ್ಬಿಯಿಂದ ಹೋದದ್ದಲ್ಲ, ಮುಖ್ಯವಾಗಿ ಅಲ್ಲೇ ಹುಟ್ಟಿದ್ದು. ಎಣ್ಣೆಯನ್ನು ತಿಂಗಳಿಗೆ ಬೇಕಾದಷ್ಟೇ ತನ್ನಿ, ಬಿಸಿಲಿಗೆ ಇಡಬೇಡಿ. ಭಜಿ ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯಬೇಡಿ. ಮತ್ತೆ ಮತ್ತೆ ಕಾಸಿದ ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಸಂಯುಕ್ತಗಳು ನೂರಕ್ಕೆ 25 ಮೀರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ನಿಯಮ ತಂದಿದೆ.

ಇಂಡಿ ಕಡೆಯ ರೈತರೊಬ್ಬರು ನಿಂಬೆರಸದಿಂದ ನಾಳ ತೊಳೆಯಬಹುದೇ ಎಂದು ಕೇಳಿದರು. ಇಂಡಿಯ ನಿಂಬೆ ಊಟಕ್ಕೆ ಬೇಕೇ ಬೇಕು. ಆದರೆ ಹೊದಿಕೆಯ ಹಿಂದಿನ ಗುಂಡಿಯನ್ನು ಯಾವ ರಸವೂ ತೊಳೆಯುವುದಿಲ್ಲ.

ಮೂರನೆಯವರು, ಐವತ್ತರ ಆಸುಪಾಸಿನ ಮೇಷ್ಟ್ರು, ಆಕ್ಸಿಡೀಕೃತ ಎಲ್‌ಡಿಎಲ್ ಪರೀಕ್ಷೆ ಮಾಡಿಸಬೇಕೇ ಎಂದರು. ಬೇಡ, ಅದು ಸಂಶೋಧನೆಗೆ ಸರಿ. ಚಿಕಿತ್ಸೆ ನಿರ್ಧರಿಸಲು ಸಾಮಾನ್ಯ ಲಿಪಿಡ್ ಪರೀಕ್ಷೆ ಸಾಕು. 2024ರಲ್ಲಿ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ ಹೊರಡಿಸಿದ ಸೂಚಿಯ ಪ್ರಕಾರ ಅಪಾಯ ಕಡಿಮೆ ಇರುವವರಿಗೂ ಎಲ್‌ಡಿಎಲ್ 100ರ ಒಳಗಿರಬೇಕು, ಹೆಚ್ಚು ಅಪಾಯದವರಿಗೆ 70ರ ಒಳಗೆ, ಈಗಾಗಲೇ ಹೃದಯಾಘಾತವಾದಂಥವರಿಗೆ 55ರ ಒಳಗೆ. ಲಿಪೋಪ್ರೋಟೀನ್ ಎ ಎಂಬ ಇನ್ನೊಂದು ಕಣವನ್ನು ಜೀವನದಲ್ಲಿ ಒಮ್ಮೆಯಾದರೂ ಅಳೆಸಿಕೊಳ್ಳಿ. ಆಕ್ಸಿಡೀಕೃತ ಕೊಬ್ಬನ್ನು ಹೊತ್ತು ತಿರುಗುವ ಈ ಕಣ ಮನೆತನದಲ್ಲಿ ಹರಿದು ಬರುತ್ತದೆ.

‘ನಮ್ಮಪ್ಪ ನಲವತ್ತೆಂಟಕ್ಕೆ ಹೋದ್ರು ಸರ್,’ ಎಂದರು ಅವರು. ಮಕ್ಕಳೆಷ್ಟು ಎಂದು ಕೇಳಿದೆ. ಇಬ್ಬರು, ದೊಡ್ಡವನಿಗೆ ಹತ್ತೊಂಬತ್ತು. ನಾಳೆ ಬೆಳಿಗ್ಗೆ ಅವನನ್ನೂ ಕರೆದುಕೊಂಡು ಹೋಗಿ ರಕ್ತ ಕೊಡಿ ಅಂದೆ. ಮೊದಲ ಪರೀಕ್ಷೆಗೆ ಉಪವಾಸವೂ ಬೇಕಿಲ್ಲ, ರೊಟ್ಟಿ ತಿಂದೇ ಹೋಗಬಹುದು.